ಮೂರನೇ ಕೂಗು

ಆ ಸೋಮವಾರ ಎರಡನೇ ಕೂಗಿಗೆ ನನ್ನ ಗಂಟಲು ಕೈಕೊಟ್ಟಿತು. ಮೊದಲನೆಯದು ಸರಿಯಾಗಿಯೇ ಹೋಯಿತು. ಎರಡನೆಯದರ ಅರ್ಧಕ್ಕೆ ದನಿ ಒಡೆದು, ಕುತ್ತಿಗೆ ಹಿಚುಕಿದ ಹುಂಜದ ಹಾಗೆ ಕೀರಲು ಎದ್ದಿತು. ಹೊಂಗೆ ಮರದ ಕೆಳಗಿದ್ದ ಕಕ್ಷಿದಾರರೆಲ್ಲ ತಿರುಗಿ ನೋಡಿದರು. ಬಾರ್ ರೂಮಿನ ಕಿಟಕಿಯಿಂದ ಒಬ್ಬ ಕಿರಿಯ ವಕೀಲರು, "ಏನ್ರಪ್ಪಾ, ಗೌಡ್ರು ಇವತ್ತು ಮೊಮ್ಮಗಳನ್ನ ಕಳ್ಸವ್ರಾ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಕೋರ್ಟು ಹಾಲಿನ ಬಾಗಿಲಲ್ಲಿ ನಿಂತು ಹೆಸರು ಕೂಗುವ ಜವಾನ ನಾನು. ಯಾವ ಊರಿನ ಕೋರ್ಟು ಎಂದು ಬರೆಯುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕರಲ್ಲಿ ಯಾವುದೋ ಒಂದು ಅಂದುಕೊಳ್ಳಿ. ಹೆಸರು ಹೇಳಿದರೆ ಅದೇ ವಕೀಲರು ಇದನ್ನು ಬಾರ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳುತ್ತಾರೆ. ಆದ ಅವಮಾನ ಸಾಕು.

ಕೂಗುವುದಕ್ಕೂ ಒಂದು ಕ್ರಮವಿದೆ. ಒಳಗೆ ಬೆಂಚ್ ಕ್ಲರ್ಕು ಕೇಸಿನ ಹೆಸರು ಕೊಡುತ್ತಾರೆ. ನಾನು ಬಾಗಿಲಿಗೆ ಬಂದು ಮೊದಲನೆಯದನ್ನು ಎಡಕ್ಕೆ, ಬಾರ್ ರೂಮಿಗೆ ಕೇಳುವಂತೆ ಕೂಗುತ್ತೇನೆ. ಎರಡನೆಯದು ಎದುರಿಗೆ, ಹೊಂಗೆ ಮರಕ್ಕೆ. ಮೂರನೆಯದು ಬಲಕ್ಕೆ, ಗೇಟಿನಾಚೆಯ ಟೀ ಅಂಗಡಿಗೆ. ಗಂಡಸಾದರೆ ಹೆಸರಿನ ಜೊತೆ 'ಬಿನ್' ಸೇರಿಸಿ ಅಪ್ಪನ ಹೆಸರು. ಹೆಂಗಸಾದರೆ 'ಕೋಂ' ಸೇರಿಸಿ ಗಂಡನ ಹೆಸರು. ನಮ್ಮ ಕಡೆ ಒಂದೊಂದು ಊರಿನಲ್ಲಿ ನಾಲ್ಕು ಜನ ನಿಂಗೇಗೌಡರಿರುತ್ತಾರೆ, ಬಿನ್ ಇಲ್ಲದೆ ಕೂಗಿದರೆ ನಾಲ್ಕೂ ಜನ ಪಂಚೆ ಕೊಡವಿಕೊಂಡು ಬರುತ್ತಾರೆ. ಮೂರನೇ ಕೂಗಿಗೂ ಯಾರೂ ಓಗೊಡದಿದ್ದರೆ ಒಳಗೆ ಹೋಗಿ, "ಕೂಗ್ದೆ ಸ್ವಾಮಿ, ಇಲ್ಲ" ಅನ್ನಬೇಕು. ಅಲ್ಲಿಗೆ ಆ ಮನುಷ್ಯ ಗೈರು. ಆಮೇಲೆ ವಾರಂಟೋ, ಕೇಸು ವಜಾನೋ, ಅದು ಸಾಹೇಬರ ಚಿತ್ತ.

ಮೈಕು ಇಡೋಣವೆಂದು ಒಂದು ಸಲ ಮಾತು ಬಂದಿತ್ತು. "ಗೌಡ್ರು ಇರೋವಾಗ ಕರೆಂಟ್ ಯಾಕೆ ದಂಡ" ಎಂದು ಸಾಹೇಬರೇ ಬೇಡವೆಂದರು. ಆ ಮಾತನ್ನು ನಾನು ಊರಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಗಂಟಲು ಹೋಯಿತೆಂದರೆ ನಾನು ರೆಕಾರ್ಡು ರೂಮಿನ ಧೂಳಿಗೆ ಹೋಗುತ್ತೇನೆ, ಬಾಗಿಲಿಗೆ ಮೈಕು ಬರುತ್ತದೆ. ನನಗಿದ್ದ ಭಯ ಅದೊಂದೇ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಷ್ಟು ಹೆಸರು ಕೂಗುವ ನನ್ನ ಮನೆಯಲ್ಲಿ ಹೆಸರು ಕರೆಯುವ ಪದ್ಧತಿ ಇಲ್ಲ. ನನ್ನ ಹೆಂಡತಿ ನನ್ನನ್ನು "ಇಲ್ ಕೇಳಿ" ಅನ್ನುತ್ತಾಳೆ. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೂ, "ಆಧಾರ್ ಕಾರ್ಡಲ್ ಅದೆ, ನೋಡ್ಕಳಿ" ಎಂದು ಕಾರ್ಡು ಮುಂದಿಡುತ್ತಾಳೆ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಅವಳ ಅವ್ವ ಕಲಿಸಿದ್ದು. ನಾನು ಅವಳನ್ನು "ಲೇ" ಅನ್ನುತ್ತೇನೆ. ನನಗೆ ಅದನ್ನು ಯಾರೂ ಕಲಿಸಲಿಲ್ಲ.

ಒಂದೆರಡು ವರ್ಷದಿಂದ ಗಂಟಲು ಕಾಟ ಕೊಡುತ್ತಲೇ ಇತ್ತು. ಜ್ವರ ಬರುವುದು, ಎಂಜಲು ನುಂಗಲೂ ಆಗದ ಹಾಗೆ ಊದುವುದು, ಒಂದು ಇಂಜೆಕ್ಷನ್ನು, ಒಂದು ವಾರ ಮಾತ್ರೆ, ಮತ್ತೆ ಕೆಲಸ. ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ. ಆ ಸೋಮವಾರದ ನಗು ಕೇಳಿದ ಮೇಲೆ ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದ ಒಂದು ನರ್ಸಿಂಗ್ ಹೋಮಿಗೆ ಹೋದೆ. ಕಿವಿ ಮೂಗು ಗಂಟಲಿನ ಡಾಕ್ಟರ ಬಾಗಿಲಲ್ಲಿ ಕೂತಿದ್ದವರೆಲ್ಲ ಮಕ್ಕಳನ್ನು ತೊಡೆಯ ಮೇಲೆ ಇಟ್ಟುಕೊಂಡ ತಾಯಂದಿರು. ಪಕ್ಕದಾಕೆ, "ನೀವ್ ಯಾವ್ ಮಗೂಗೆ ತೋರ್ಸಾಕ್ ಬಂದಿದ್ದೀರಿ ಅಣ್ಣ?" ಎಂದು ಕೇಳಿದರು.

"ನಮ್ಮಣ್ಣನ ಮೊಮ್ಮಗ. ಇನ್ನೇನ್ ಬತ್ತಾನೆ," ಎಂದೆ.

ಹಾಗೆ ಶುರುವಾಯಿತು ನನ್ನ ಸುಳ್ಳು. ಒಳಗೆ ಕರೆದಾಗ ನಾನೊಬ್ಬನೇ ಎದ್ದು ಹೋದದ್ದನ್ನು ಆಕೆ ಬೆರಗಾಗಿ ನೋಡುತ್ತಿದ್ದರು. ತಿರುಗಿ ನೋಡಲು ನನಗೆ ಮುಖವಿರಲಿಲ್ಲ.

ಡಾಕ್ಟರು ಕರಾವಳಿ ಕಡೆಯವರು, ಮೆತ್ತಗೆ ಮಾತಾಡುವ ಮನುಷ್ಯ. ನಾಲಿಗೆಯನ್ನು ಪಟ್ಟಿಯಿಂದ ಒತ್ತಿ, ಬೆಳಕು ಬಿಟ್ಟು ನೋಡಿದರು. "ಎರಡೂ ಕಡೆ ಟಾನ್ಸಿಲ್ ಹಾಳಾಗಿದೆ. ಔಷಧಿಗೆ ಬಗ್ಗುವ ಹಂತ ದಾಟಿದೆ. ತೆಗೆಯುವುದೇ ಒಳ್ಳೆಯದು. ಆದರೆ ದೊಡ್ಡವರಿಗೆ ನೋವು ಮಕ್ಕಳಿಗಿಂತ ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ," ಎಂದರು.

"ದನಿ?" ಎಂದೆ.

"ದನಿಯ ಪೆಟ್ಟಿಗೆ ಇನ್ನೂ ಕೆಳಗಿದೆ, ಅದನ್ನು ನಾವು ಮುಟ್ಟುವುದಿಲ್ಲ. ಸರಿಯಾಗಿ ವಾಸಿ ಮಾಡಿಕೊಂಡರೆ ನಿಮ್ಮ ದನಿ ನಿಮ್ಮದೇ."

ಅವರು 'ಸರಿಯಾಗಿ ವಾಸಿ ಮಾಡಿಕೊಂಡರೆ' ಅಂದದ್ದು ನನ್ನ ಕಿವಿಗೆ ಬೀಳಲಿಲ್ಲ. ರಜೆ ಕೇಳುವುದು ಹೇಗೆ ಎಂಬ ಯೋಚನೆಯಲ್ಲಿದ್ದೆ. ಟಾನ್ಸಿಲ್ಲು ಎಂದರೆ ಬಾರ್ ರೂಮಿನವರು ನಿವೃತ್ತಿಯಾಗುವ ತನಕ ಬಿಡುವುದಿಲ್ಲ. ಸಂಜೆ ಬೆಂಚ್ ಕ್ಲರ್ಕು ಮೇಡಂ ಹತ್ತಿರ ಹೋಗಿ, ಕಿಡ್ನಿಯಲ್ಲಿ ಕಲ್ಲು, ಆಪರೇಷನ್ನು ಎಂದೆ. ಅದು ಗಂಡಸರ ಕಾಯಿಲೆ ಅನ್ನಿಸಿತು. ಮೇಡಂ ಕನ್ನಡಕ ತೆಗೆದು, "ಅಯ್ಯೋ ಪಾಪ. ಇಷ್ಟು ದಿನ ಆ ನೋವಿಟ್ಕೊಂಡು ಕೂಗ್ತಿದ್ರಾ?" ಎಂದರು. ನಾನು ಸೊಂಟ ಹಿಡಿದುಕೊಂಡು ಹೊರಗೆ ಬಂದೆ. ಊರಲ್ಲೂ ಅದೇ ಕಲ್ಲಿನ ಕತೆ ಹೇಳಿದೆ. ಈಗ ನೆನೆಸಿಕೊಂಡರೆ ಹೇಸಿಗೆಯಾಗುತ್ತದೆ.

ತಯಾರಿಗೇ ಒಂದಷ್ಟು ದಿನ ಹಿಡಿಯಿತು. ಬೀಡಿ ನಿಲ್ಲಿಸಬೇಕು. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆ ಬಂದ್, ಅದು ರಕ್ತವನ್ನು ತೆಳ್ಳಗೆ ಮಾಡುತ್ತದಂತೆ. ಎದೆಯ ಎಕ್ಸ್‌ರೇ, ಇಸಿಜಿ. ಬೆರಳ ತುದಿ ಚುಚ್ಚಿ, ಕಾಗದದಿಂದ ಒತ್ತಿ ಒತ್ತಿ ತೆಗೆಯುತ್ತಾ ರಕ್ತ ನಿಲ್ಲಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿದರು. ಅರಿವಳಿಕೆ ಕೊಡುವ ಡಾಕ್ಟರು ಬಂದು ನನ್ನ ಹಲ್ಲನ್ನೆಲ್ಲ ಒಂದೊಂದಾಗಿ ಅಲ್ಲಾಡಿಸಿ ನೋಡಿದರು. ಸಡಿಲ ಹಲ್ಲಿದ್ದರೆ ನಳಿಕೆ ಇಳಿಸುವಾಗ ಉದುರಿ ಶ್ವಾಸಕ್ಕೆ ಹೋಗಬಹುದಂತೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವುದನ್ನು ಚಿಕ್ಕಂದಿನಿಂದ ಕಂಡವನು ನಾನು. ಆ ದಿನ ಎತ್ತಿನ ಕಷ್ಟ ಗೊತ್ತಾಯಿತು.

ಆಪರೇಷನ್ ದಿನ ಬೆಳಿಗ್ಗೆ ಒಂದು ಗುಟುಕು ನೀರೂ ಇಲ್ಲ. ನರ್ಸು ಉಂಗುರ ಬಿಚ್ಚಿಸಿದರು, ಆಮೇಲೆ ಉಡುದಾರ ಬಿಚ್ಚಿ ಎಂದರು. ಬೆಳ್ಳಿಯದು, ಮದುವೆಯಲ್ಲಿ ಮಾವನ ಮನೆಯವರು ಹಾಕಿದ್ದು. ಅದಿಲ್ಲದೆ ಸೊಂಟ ಬೆತ್ತಲಾದ ಹಾಗಾಯಿತು. ಹೆಂಡತಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಇಲ್ ಕೇಳಿ, ಎದ್ರುಕೋಬೇಡಿ. ನಾನಿಲ್ಲೇ ಬಾಗ್ಲಲ್ಲಿ ನಿಂತಿರ್ತೀನಿ," ಎಂದಳು. ನಾನು ಹೆದರಿಕೊಂಡದ್ದು ಅವಳಿಗೆ ಗೊತ್ತಾಯಿತಲ್ಲ ಎಂದು ಅದಕ್ಕೂ ನಾಚಿಕೆಪಟ್ಟೆ.

ಎಚ್ಚರವಾದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಿದ್ದರು. ಬಾಯಿಯ ಹಿಂಭಾಗದಲ್ಲಿ ಕೆಂಡ ಇಟ್ಟು ಮರೆತಿದ್ದಾರೆ ಅನ್ನಿಸಿತು. ನೋವು ಗಂಟಲಿನಿಂದ ಹತ್ತಿ ಎರಡೂ ಕಿವಿಗೆ ಹೊಡೆಯುತ್ತಿತ್ತು. ಕಿವಿಗೂ ಗಂಟಲಿಗೂ ಒಂದೇ ನರ, ಕಿವಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಮನೆಗೆ ಕಳಿಸುವ ದಿನ ನನ್ನ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿದರು.

"ನೋಡಿ ಅಮ್ಮ, ಗಾಯದ ಮೇಲೆ ಬೆಳ್ಳಗೆ ಪೊರೆ ಕಟ್ಟುತ್ತದೆ. ಕೀವೆಂದು ಹೆದರಬೇಡಿ, ಬಾಯಿ ವಾಸನೆ ಬರುತ್ತದೆ, ಅದಕ್ಕೂ ಹೆದರಬೇಡಿ. ಒಂದು ವಾರದ ಆಚೀಚೆ ಆ ಪೊರೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಆಗ ಜೋಪಾನ. ಅಗಿಯುವ ಪದಾರ್ಥ ಯಾವುದೂ ಬೇಡ. ಅಗಿಯದೆ ನುಂಗುವ ಹಾಗಿರಬೇಕು. ಬಿಸಿ ಬೇಡ, ಖಾರ ಬೇಡ. ಹಸಿ ರಕ್ತ ಕಂಡರೆ ನುಂಗಬಾರದು, ಉಗುಳಬೇಕು. ನಾಳೆ ನೋಡೋಣ ಅನ್ನಬೇಡಿ, ಆ ಕ್ಷಣ ಬಂದುಬಿಡಿ."

ನಮ್ಮ ಊರು ಪಾಂಡವಪುರದಿಂದ ಕೆ.ಆರ್.ಪೇಟೆ ಕಡೆಗೆ ಹೋಗುವ ದಾರಿಯಲ್ಲಿ, ನಾಲೆ ಏರಿಯ ಕೆಳಗೆ. ಅಲ್ಲಿ ತಣ್ಣಗಿನದು ತಿಂದು ವಾಸಿಯಾಗುವ ಕಾಯಿಲೆ ಯಾರೂ ಕಂಡವರಿಲ್ಲ. ಗಂಟಲು ಎಂದರೆ ಮೆಣಸಿನ ಕಷಾಯ, ಅರಿಶಿನದ ಹಾಲು, ಬಿಸಿನೀರು. ಹೆಂಡತಿ ಅಂಗಡಿಯಿಂದ ಕಪ್ ಐಸ್‌ಕ್ರೀಮು ತಂದು, ಕದ ಹಾಕಿ, ನನಗೆ ಚಮಚದಲ್ಲಿ ಕೊಡುತ್ತಿದ್ದಳು. ಯಾರಾದರೂ ಬಂದರೆ ಆ ಕಪ್ ಮಂಚದ ಕೆಳಗೆ ಹೋಗುತ್ತಿತ್ತು. ಒಂದು ದಿನ ಇರುವೆ ಸಾಲು ಕಂಡು ಪಕ್ಕದ ಮನೆಯಾಕೆ, "ಏನಕ್ಕಾ, ಮಂಚದ ತಾವ ಬೆಲ್ಲ ಮಡಗಿದ್ದೀಯಾ?" ಎಂದು ಕೇಳಿದಳು. ಐವತ್ತು ಸಮೀಪಿಸಿದ ಗಂಡಸು ಗೋಡೆ ಕಡೆ ಮುಖ ಮಾಡಿ ಮಲಗಿಕೊಂಡೆ.

ನೀರು ಕುಡಿಯುವುದೇ ದೊಡ್ಡ ಕೆಲಸವಾಯಿತು. ಒಂದೊಂದು ಗುಟುಕಿಗೂ ಕಣ್ಣಲ್ಲಿ ನೀರು. ಕುಡಿಯದಿದ್ದರೆ ಗಾಯ ಒಣಗಿ ಇನ್ನೂ ನೋವು. ಹೆಂಡತಿ ಲೋಟ ಹಿಡಿದು ಎದುರಿಗೆ ನಿಂತು, ಕುಡಿದು ಮುಗಿಸುವ ತನಕ ಕದಲುತ್ತಿರಲಿಲ್ಲ. ಪೊರೆ ಅಂಚಿನಲ್ಲಿ ಬಿಡತೊಡಗಿದಾಗ ನೋವು ಸ್ವಲ್ಪ ತಗ್ಗಿತ್ತು. ಪಿಸುಮಾತು ಬರುತ್ತಿತ್ತು. ಗೆದ್ದೆ ಅಂದುಕೊಂಡೆ.

ಆ ಹೊತ್ತಿಗೆ ಸರಿಯಾಗಿ, ಒಂದು ಮಧ್ಯಾಹ್ನ ಬೆಂಚ್ ಕ್ಲರ್ಕು ಮೇಡಂ ನನ್ನನ್ನು ನೋಡಲು ಬಂದರು. ಜೊತೆಗೆ ನನ್ನ ಬದಲು ಕೂಗುತ್ತಿದ್ದ ಇನ್ನೊಬ್ಬ ಜವಾನ. ಸ್ಕೂಟರಿನ ಮುಂದೆ ಉದ್ದಕ್ಕೆ ಒಂದು ಬಾಳೆದಿಂಡು, ಚೀಲದಲ್ಲಿ ಎಳನೀರು. ಕಿಡ್ನಿ ಕಲ್ಲಿಗೆ ಎರಡೂ ಒಳ್ಳೆಯದೆಂದು. ಬಾಗಿಲಲ್ಲಿ ಅವರ ದನಿ ಕೇಳಿದ್ದೇ ನಾನು ಕುತ್ತಿಗೆಗೆ ಸುತ್ತಿದ್ದ ಟವೆಲ್ಲನ್ನು ಕಿತ್ತು ಸೊಂಟಕ್ಕೆ ಸುತ್ತಿಕೊಂಡೆ. ಹೆಂಡತಿ ಅದನ್ನು ನೋಡಿದಳು.

"ಹೆಂಗಿದ್ದೀರಿ ಗೌಡ್ರೇ? ಮಾತೇ ಇಲ್ವಲ್ಲ," ಎಂದರು ಮೇಡಂ.

ನಾನು ಸೊಂಟ ತೋರಿಸಿದೆ. ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡು, "ಮಾತಾಡುದ್ರೆ ಒಟ್ಟೆ ಎಳೀತದಂತೆ ಮೇಡಂ," ಎಂದಳು. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗಾಗಿ ಹೇಳಿದಳು, ನೆಲ ನೋಡುತ್ತಾ ಹೇಳಿದಳು.

"ನಿಮ್ಮಂಗೆ ಕೂಗಾಕೆ ನನ್ಗಾಗಾಕಿಲ್ಲ ಕಣಣ್ಣೋ. ಟೀ ಅಂಗ್ಡಿಯವ್ರಿಗೆ ಕೇಳ್ಸೋದೇ ಇಲ್ವಂತೆ. ಬೇಗ ಬಂದ್ಬುಡಿ," ಎಂದ ಜವಾನ. ನಾನು ಒಳಗೊಳಗೇ ಉಬ್ಬಿದೆ.

ಊಟದ ಹೊತ್ತು. ಬಂದವರನ್ನು ಉಣ್ಣದೆ ಕಳಿಸುವ ಮನೆ ನಮ್ಮ ಕಡೆ ಇಲ್ಲ. ಅವಳು ಮುದ್ದೆ ತೊಳಸಿದ್ದಳು, ಹುರುಳಿಕಾಳಿನ ಸಾರು. ಸಾರಿನ ಹೆಸರು ಕೇಳಿದ್ದೇ ಮೇಡಂ ಮುಖ ಅರಳಿತು. "ಹುರುಳಿಕಾಳು ಉಳ್ದ ಕಲ್ಲಿನ ಚೂರೂ ಕರಗ್ಸುತ್ತೆ ಅಂತಾರೆ. ಮೊದ್ಲು ಗೌಡ್ರಿಗೆ ಬಡ್ಸಮ್ಮ," ಎಂದರು.

"ಅವ್ರು ಆಮ್ಯಾಕೆ ಉಣ್ತಾರೆ," ಎಂದಳು ಹೆಂಡತಿ.

"ಅದ್ಯಾಕೆ? ಕಲ್ಲಿನವ್ರು ಊಟ ಬಿಡೋ ಹಾಗಿಲ್ಲ. ಗಂಟ್ಲಿಗೆ ಏನಾಗಿದೆ?"

ಆ ಕೊನೆಯ ಮಾತಿಗೆ ನಾನು ಬೆಚ್ಚಿಬಿದ್ದೆ. ಅವರು ಸುಮ್ಮನೆ ಅಂದದ್ದು. ಆದರೆ ಆ ಕ್ಷಣ ನಾನು ಹೇಳಬಹುದಾಗಿತ್ತು, ಬಾಯಿ ತೆರೆದು ತೋರಿಸಿದರೂ ಸಾಕಾಗಿತ್ತು. ಎದ್ದು ತಟ್ಟೆಯ ಮುಂದೆ ಕೂತೆ. ಹೆಂಡತಿ ಕಣ್ಣಲ್ಲೇ ಬೇಡ ಎಂದಳು. ನಾನು ಕಣ್ಣಲ್ಲೇ ಬಡಿಸು ಎಂದೆ. ಡಾಕ್ಟರು ಅಗಿಯಬೇಡಿ ಅಂದಿದ್ದರು. ಮುದ್ದೆಯನ್ನು ಯಾರು ಅಗಿಯುತ್ತಾರೆ? ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿಗೆ ಅದ್ದಿ ನುಂಗುವುದು. ಮುದ್ದೆ ಅಗಿಯುವವನನ್ನು ನಾವು ಊರಿಗೆ ಹೊಸಬ ಎಂದು ತಿಳಿಯುತ್ತೇವೆ. ಹಾಗಾದರೆ ಡಾಕ್ಟರ ಮಾತು ಮೀರಿದ ಹಾಗೂ ಆಗುವುದಿಲ್ಲ ಎಂದು ನನಗೆ ನಾನೇ ವಕೀಲನಾದೆ.

ಮೊದಲನೇ ತುತ್ತು ಇಳಿಯಿತು. ಎರಡನೆಯದು ಇಳಿಯುವಾಗ ಗಂಟಲಿನಲ್ಲಿ ಏನೋ ಕಿತ್ತು ಬಂದ ಹಾಗಾಯಿತು. ಸಾರಿನ ಖಾರ ಕಿವಿಯ ತನಕ ಹೊಡೆಯಿತು. ಮೇಡಂ ನೋಡುತ್ತಿದ್ದರು. ಮೂರನೆಯದನ್ನೂ ನುಂಗಿದೆ. ಇಡೀ ಮುದ್ದೆ ಮುಗಿಸಿದೆ. "ನೋಡಿ, ಊಟ ಸೇರಿದ್ರೆ ಅರ್ಧ ಕಾಯಿಲೆ ಹೋದ ಹಾಗೆ," ಎಂದು ಅವರು ಸಂತೋಷಪಟ್ಟು ಹೊರಟರು.

ಸಂಜೆ ಹೆಂಡತಿ ಹಾಲು ಕರೆದು ಡೈರಿಗೆ ಹಾಕಲು ಹೋದಳು. ನಾನೊಬ್ಬನೇ ಇದ್ದೆ. ಬಾಯಲ್ಲಿ ಉಪ್ಪುಪ್ಪಾಗಿ ಏನೋ ಜಿನುಗಿತು. ಬಚ್ಚಲಿಗೆ ಹೋಗಿ ಉಗಿದೆ. ಕೆಂಪಗೆ, ಹಸಿಯಾಗಿ ಇತ್ತು. ನಾನು ಮಾಡಿದ ಮೊದಲ ಕೆಲಸವೆಂದರೆ ಒಂದು ಚೊಂಬು ನೀರು ಸುರಿದು ಅದನ್ನು ತೊಳೆದದ್ದು. ಅವಳು ಬಂದು ನೋಡಬಾರದು ಎಂದು. ಮತ್ತೆ ಬಂತು. ಈ ಸಲ ಉಗುಳಲಿಲ್ಲ, ನುಂಗಿದೆ. ಮತ್ತೆ ಬಂತು. ತಣ್ಣೀರು ಮುಕ್ಕಳಿಸಿದೆ, ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸಿ, ನುಂಗಿದ್ದೆಲ್ಲ ಒಟ್ಟಿಗೆ ವಾಂತಿಯಾಯಿತು. ಬಚ್ಚಲು ಕುರಿ ಕೊಯ್ದ ಹಾಗೆ ಕಂಡಿತು.

ಗೋಡೆ ಹಿಡಿದು ನಿಂತು ನಾನು ಯೋಚಿಸಿದ್ದು ಸಾವನ್ನಲ್ಲ. ಆಸ್ಪತ್ರೆಗೆ ಹೋದರೆ ಏನು ತಿಂದಿರಿ ಎಂದು ಕೇಳುತ್ತಾರೆ, ಯಾಕೆ ತಿಂದಿರಿ ಎಂದು ಕೇಳುತ್ತಾರೆ. ಬೆಳಿಗ್ಗೆ ತನಕ ನೋಡೋಣವೇ ಅನ್ನಿಸಿತು. ನಾಳೆ ನೋಡೋಣ ಅನ್ನಬೇಡಿ ಎಂದ ಡಾಕ್ಟರ ಮಾತು ಆಗ ನೆನಪಾಯಿತು. ಅವರು ಅದನ್ನು ನನ್ನಂಥವರನ್ನು ನೋಡಿಯೇ ಹೇಳಿರಬೇಕು.

ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಬೀದಿಗೆ ಇಳಿದೆ. ಡೈರಿ ನಮ್ಮ ಬೀದಿಯ ಕೊನೆಗೆ. ಕ್ಯಾನು ಹಿಡಿದ ಊರಿನ ಅರ್ಧ ಜನ ಸಾಲಿನಲ್ಲಿದ್ದರು. ನನ್ನ ಹೆಂಡತಿ ಮುಂದೆ, ಬೆನ್ನು ಹಾಕಿ ನಿಂತಿದ್ದಳು, ಹಾಲು ಅಳೆಸುತ್ತಿದ್ದಳು. ಇಡೀ ಕೋರ್ಟಿಗೆ ಕೇಳುವ ಹಾಗೆ ಕೂಗುವ ನನಗೆ ಅವಳನ್ನು ಕರೆಯಲು ದನಿಯಿರಲಿಲ್ಲ. ಬಾಯಿ ತೆರೆದರೆ ರಕ್ತ. ಯಾರದೋ ಕ್ಯಾನಿನ ಮುಚ್ಚಳ ತೆಗೆದು ಕ್ಯಾನಿಗೆ ಬಡಿದೆ. ಎಲ್ಲರೂ ತಿರುಗಿದರು. ಅವಳೂ ತಿರುಗಿದಳು. ನನ್ನ ಕೈಯ ಟವೆಲ್ಲು ಕಂಡು ಅವಳ ಕೈಯಿಂದ ಹಾಲಿನ ಪಾತ್ರೆ ಬಿತ್ತು.

"ಯಾಕಣ್ಣ, ಕಲ್ಲು ಬಾಯಲ್ಲಿ ಬಂತಾ?" ಎಂದು ಗಾಬರಿಯಲ್ಲಿ ಯಾರೋ ಕೇಳಿದರು.

"ಕಲ್ಲೂ ಇಲ್ಲ ಮಣ್ಣೂ ಇಲ್ಲ. ಇವ್ರಿಗೆ ಗಂಟ್ಲ ಆಪ್ರೇಷನ್ ಮಾಡ್ಸಿರೋದು. ಟಾನ್ಸಿಲ್ಲು. ಯಾರಾದ್ರೂ ಗಾಡಿ ತೆಗೀರಪ್ಪ," ಎಂದಳು ನನ್ನ ಹೆಂಡತಿ. ಇಷ್ಟು ದಿನ ಮಂಚದ ಕೆಳಗೆ ಮುಚ್ಚಿಟ್ಟದ್ದು ಒಂದೇ ಉಸಿರಿಗೆ ಇಡೀ ಊರಿನ ಪಾಲಾಯಿತು. ಅವಳು ಮನೆಗೆ ಓಡಿ ಚೀಟಿ, ದುಡ್ಡು ತರುವಷ್ಟರಲ್ಲಿ ಹಿಂಡಿ ಮೂಟೆ ಇಳಿಸಲು ಬಂದಿದ್ದ ಗೂಡ್ಸ್ ಆಟೋದಲ್ಲಿ ನನ್ನನ್ನು ಕೂರಿಸಿದರು. ಶ್ರೀರಂಗಪಟ್ಟಣದ ತನಕ ಅವಳು ನನ್ನ ತಲೆಯನ್ನು ಮುಂದಕ್ಕೆ ಬಗ್ಗಿಸಿ ಹಿಡಿದುಕೊಂಡು, "ನುಂಗ್ಬೇಡಿ, ಉಗೀರಿ, ನುಂಗ್ಬೇಡಿ," ಅನ್ನುತ್ತಲೇ ಇದ್ದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ನರ್ಸಿಂಗ್ ಹೋಮು ಗಿಜಿಗುಟ್ಟುತ್ತಿತ್ತು. ಹೆದ್ದಾರಿಯಲ್ಲಿ ಅಪಘಾತವಾಗಿತ್ತು. ಗಾಯಾಳುಗಳು, ಅವರ ಕಡೆಯವರು, ಅಳು, ಸ್ಟ್ರೆಚರು. ಕೌಂಟರಿನ ಹುಡುಗಿ, "ಪೇಷಂಟ್ ಹೆಸರೇನು?" ಎಂದಳು.

"ಇವ್ರೇ," ಎಂದಳು ಹೆಂಡತಿ.

"ಇವ್ರೇ ಅಂದ್ರೆ ಯಾರಮ್ಮ? ಹೆಸ್ರು ಹೇಳಿ."

ಅವಳು ಬ್ಲೌಸಿನಿಂದ ಆಸ್ಪತ್ರೆಯ ಹಳೆಯ ಚೀಟಿ ತೆಗೆದು ಮುಂದಿಟ್ಟಳು. ಅಂಥ ಹೊತ್ತಿನಲ್ಲೂ ಅವಳ ಬಾಯಲ್ಲಿ ಹೆಸರು ಬರಲಿಲ್ಲ. ನನ್ನ ಕೈಗೆ ಒಂದು ಬೇಸಿನ್ ಕೊಟ್ಟು, ಡಾಕ್ಟರು ಸಿದ್ಧ ಮಾಡಿಕೊಳ್ಳುತ್ತಿದ್ದಾರೆ, ಕರೆದ ತಕ್ಷಣ ಒಳಗೆ ಬನ್ನಿ ಎಂದು ಕಾರಿಡಾರಿನ ತುದಿಯ ಬೆಂಚಿನಲ್ಲಿ ಕೂರಿಸಿದರು. ಅವಳನ್ನು ಸೂಜಿ, ಬಾಟಲಿ ತರಲು ಕೆಳಗಿನ ಔಷಧಿ ಅಂಗಡಿಗೆ ಕಳಿಸಿದರು.

ಸ್ವಲ್ಪ ಹೊತ್ತಿಗೆ ಒಳಗಿನ ಬಾಗಿಲು ತೆರೆದು ನರ್ಸೊಬ್ಬರು ನನ್ನ ಹೆಸರು ಕರೆದರು. ಹೊಸಬರು, ನನ್ನ ಮುಖ ನೋಡಿದವರಲ್ಲ. ದನಿ ತೆಳು. ಎದ್ದೆ. ಕಾಲು ನಿಲ್ಲಲಿಲ್ಲ, ಮತ್ತೆ ಕೂತೆ. ನನಗೂ ಅವರಿಗೂ ನಡುವೆ ಅಪಘಾತದವರ ಕಡೆಯ ಗುಂಪು ನಿಂತಿತ್ತು. ಎರಡನೇ ಸಲ ಕರೆದರು. ಬಾಯಿ ತುಂಬ ಹೆಪ್ಪು ಕಟ್ಟಿದ ರಕ್ತ. ಓ ಅನ್ನಲು ಹೋದರೆ ಗೊರಗೊರ ಎಂದಿತು. ಕೈ ಎತ್ತಿದೆ, ಜನರ ಹೆಗಲ ಮೇಲೆ ಅದು ಕಾಣಿಸಿತೋ ಇಲ್ಲವೋ. ಮೂರನೇ ಸಲ ಕರೆದರು. ಆಮೇಲೆ ಒಳಕ್ಕೆ ತಿರುಗಿ, "ಇಲ್ಲ ಸಾರ್, ಎಲ್ಲೋ ಹೋಗಿದ್ದಾರೆ. ಮುಂದಿನವರನ್ನ ಕರೀಲಾ?" ಎಂದರು.

ಮೂರನೇ ಕೂಗಾದ ಮೇಲೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ತಿಳಿದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಗೈರು. ಇದ್ದೂ ಗೈರು. ನನ್ನ ಕಣ್ಣು ಕತ್ತಲಿಟ್ಟು ಬಂತು.

ಆಗ ಮೆಟ್ಟಿಲ ಕಡೆಯಿಂದ ಕೂಗು ಕೇಳಿಸಿತು.

"ಪುಟ್ಟೇಗೌಡ ಬಿನ್ ಲೇಟ್ ಮೊಗಣ್ಣಗೌಡಾ…"

ಇಡೀ ಕಾರಿಡಾರು ತಿರುಗಿ ನೋಡಿತು. ಎಳೆತ ನನ್ನದೇ. ಕೊನೆಯ ಅಕ್ಷರವನ್ನು ಎತ್ತಿ ಗೇಟಿನಾಚೆ ಎಸೆಯುವುದು, ಅದೂ ನನ್ನದೇ. ಮನೆಯಲ್ಲಿ ಜಂಬಕ್ಕೆ ಕೂಗಿ ತೋರಿಸುತ್ತಿದ್ದಾಗ ಒಲೆ ಮುಂದೆ ಕೂತು ಕೇಳಿಸಿಕೊಂಡಿದ್ದಳಲ್ಲ. ನನ್ನ ಹೆಂಡತಿ ಔಷಧಿ ಚೀಲ ಎದೆಗವಚಿಕೊಂಡು ಜನರನ್ನು ಸೀಳಿಕೊಂಡು ಬಂದಳು. "ಅವ್ರೆ. ಇಲ್ಲೇ ಅವ್ರೆ ನಮ್ಮೆಜಮಾನ್ರು. ಪುಟ್ಟೇಗೌಡ. ಕರ್ಕಳಿ ಒಳಿಕ್ಕೆ," ಎಂದಳು. ನಾನು ಅತ್ತೆ. ನೋವಿಗೆ ಅತ್ತದ್ದು ಎಂದು ನರ್ಸು ತಿಳಿದರು.

ಒಳಗೆ ಕೂರಿಸಿ ಕೈಗೆ ಸೂಜಿ ಹಾಕಿ ಬಾಟಲಿ ಏರಿಸಿದರು. ಡಾಕ್ಟರು ಹೆಪ್ಪನ್ನು ನಳಿಕೆಯಿಂದ ಹೀರಿ ತೆಗೆದು, ಔಷಧಿಯಲ್ಲಿ ಅದ್ದಿದ ಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಗಾಯಕ್ಕೆ ಒತ್ತಿ ನಿಂತರು. ವಾಕರಿಕೆ ಬಂದರೂ ಬಿಡಲಿಲ್ಲ. ನಿಲ್ಲದಿದ್ದರೆ ಮತ್ತೆ ಅರಿವಳಿಕೆ ಕೊಟ್ಟು ಹೊಲಿಯಬೇಕು ಎಂದರು. ಬಟ್ಟೆ ಬದಲಿಸಿ ಮತ್ತೆ ಒತ್ತಿದರು. ಕೊನೆಗೆ ತೆಗೆದ ಬಟ್ಟೆ ಬರೀ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ನಿಂತಿದೆ ಎಂದು ಅವರು ಬೆನ್ನು ನೆಟ್ಟಗೆ ಮಾಡಿಕೊಂಡರು.

"ಏನು ಕೊಟ್ಟಿರಿ ಅಮ್ಮ ತಿನ್ನಲು?"

"ಮುದ್ದೆ ಸಾ."

"ಮುದ್ದೆಯೇ? ಅಗಿಯುವುದು ಬೇಡ ಅಂದಿದ್ದೆನಲ್ಲ."

"ಮುದ್ದೆ ಅಗಿಯಾಕಿಲ್ಲ ಸಾ. ನುಂಗೋದು."

ಡಾಕ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನರ್ಸಿಗೆ, "ಇನ್ನು ಮೇಲೆ ಈ ಕಡೆಯವರಿಗೆ ಮುದ್ದೆ ಬೇಡ ಎಂದು ಬೇರೆಯಾಗಿಯೇ ಹೇಳಬೇಕು," ಎಂದರು. ತಪ್ಪು ತಮ್ಮದೇ ಎಂಬಂತೆ ಹೇಳಿದರು. ಕಿಡ್ನಿ ಕಲ್ಲಿನ ವಿಷಯ ನನ್ನ ಹೆಂಡತಿ ಎತ್ತಲಿಲ್ಲ. ಎರಡು ದಿನ ಅಲ್ಲೇ ಇರಿಸಿಕೊಂಡು ಕಳಿಸಿದರು.

ವಾಸಿಯಾಗಿ ಕೆಲಸಕ್ಕೆ ಹೋದ ಬೆಳಿಗ್ಗೆ ಮೇಡಂ, "ಕಲ್ಲು ಹೋಯ್ತಾ ಗೌಡ್ರೇ?" ಎಂದರು. ಬರುವಾಗ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಕಲ್ಲಲ್ಲ ಮೇಡಂ. ಟಾನ್ಸಿಲ್ಲು."

"ನಿಮ್ಮನೆಯಿಂದ ಬರೋವಾಗ ದಾರೀಲಿ ನಂಗೆ ಅನುಮಾನ ಬಂತು. ಆದ್ರೆ ಮುದ್ದೆ ಅಷ್ಟು ಸಲೀಸಾಗಿ ನುಂಗಿದ್ರಲ್ಲ, ಇರ್ಲಾರ್ದು ಅಂದ್ಕೊಂಡೆ," ಎಂದರು. "ಹೇಳಿದ್ರೆ ನಾವೇನು ತಿಂದ್ಬಿಡ್ತಿದ್ವಾ?" ಅವರ ದನಿಯಲ್ಲಿ ನಗು ಇರಲಿಲ್ಲ, ಅದೇ ನನಗೆ ಚುಚ್ಚಿತು. ಬಾರ್ ರೂಮಿನವರು ಮಾತ್ರ ನಿರಾಸೆ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಮೇಜಿನ ಮೇಲೆ ಒಂದು ಕಪ್ ಐಸ್‌ಕ್ರೀಮು ಇತ್ತು. ಕೂತು ತಿಂದೆ.

ದನಿ ಉಳಿದಿದೆ. ಮೊದಲಿಗಿಂತ ಒಂದು ಎಳೆ ತೆಳ್ಳಗಾಗಿದೆ ಅನ್ನುತ್ತಾರೆ ಟೀ ಅಂಗಡಿಯವರು. ಮೂರನೇ ಕೂಗಾದ ಮೇಲೆ ಒಳಗೆ ಹೋಗುವ ಮುಂಚೆ ಈಗ ಒಂದು ಸಲ ಹೊಂಗೆ ಮರದ ಕಡೆ ನೋಡುತ್ತೇನೆ, ಯಾರಾದರೂ ಕೈ ಎತ್ತಿದ್ದಾರೆಯೇ ಎಂದು.

ಮನೆಯಲ್ಲಿ ನಾನು ಮತ್ತೆ 'ಇಲ್ ಕೇಳಿ' ಆದೆ. ಒಂದು ದಿನ ಧೈರ್ಯ ಮಾಡಿ, "ಇನ್ನೊಂದ್ಸಲ ಅಂಗೇ ಕೂಗು," ಎಂದೆ. "ನಾಚ್ಕೆ ಆಗಾಕಿಲ್ವಾ ನಿಮ್ಗೆ," ಎಂದು ಎದ್ದು ಕೊಟ್ಟಿಗೆಗೆ ಹೋದಳು.

ಮೊನ್ನೆ ಸಂಜೆ ಬಸ್ಸಿಳಿದು ಬಂದು ಗೇಟಿನಲ್ಲಿ ನಿಂತೆ. ಅವಳು ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದಳು. ಕೂಗಬೇಕು ಅನ್ನಿಸಿತು. 'ಲೇ' ಎಂದಲ್ಲ, ಹೆಸರು ಹಿಡಿದು, 'ಕೋಂ' ಸೇರಿಸಿ, ಮೂರು ಸಲ. ದಿನಕ್ಕೆ ಎಷ್ಟೋ ಜನರ ಹೆಂಡಿರ ಹೆಸರು ಕೂಗುತ್ತೇನೆ, ಇವಳದೊಂದನ್ನು ಈ ಬಾಯಿ ಒಮ್ಮೆಯೂ ಕರೆದಿಲ್ಲ. ಹೆಸರು ಗಂಟಲ ತನಕ ಬಂತು. ಎದುರು ಮನೆಯ ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು. ಬಾಯಿ ತೆರೆದುಕೊಂಡು ಹಾಗೇ ನಿಂತೆ.

ಅವಳು ಹುಲ್ಲಿನ ಕೈ ಕೊಡವಿಕೊಂಡು ಹೊರಗೆ ಬಂದಳು. "ಯಾಕ್ ಅಲ್ಲೇ ನಿಂತ್ಕಂಡ್ರಿ? ಗಂಟ್ಲು ನೋಯ್ತದಾ?" ಎಂದಳು.

ಹೌದೆಂದು ತಲೆಯಾಡಿಸಿದೆ.